ಮಿಂಚಿನ ಬೆನ್ನಿಗೆ ಹಾಲಿನ ಗಾಡಿ

ಬೆಳಗಿನ ಆರಕ್ಕೇ ಅಕ್ಕ ಮಾಳಿಗೆ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. ಸಂಕೇಶ್ವರ ಕಾಯಿ, ತೆಳ್ಳಗೆ, ಉದ್ದಕ್ಕೆ, ಬಿಸಿಲು ಬೀಳುವ ಮೊದಲೇ ಕೆಂಡದ ಬಣ್ಣ. ಕೆಳಗೆ ಪಡಸಾಲೆಯಲ್ಲಿ ಅವಳ ಅತ್ತೆ ಉಪ್ಪಿನ ಗಡಿಗೆಗೆ ಕೈಹಾಕಿ, ಎರಡು ಹರಳು ತೆಗೆದು ಬೆರಳಲ್ಲಿ ತಿಕ್ಕಿ ನೋಡಿ, “ನೀರೊಡದೈತಿ” ಅಂದರು. ಯಾರಿಗೂ ಹೇಳಿದ ಮಾತಲ್ಲ ಅದು. ಆದರೂ ಅಕ್ಕ ಮೇಲಿಂದಲೇ ಕೇಳಿಸಿಕೊಂಡು, “ತಾಡಪತ್ರಿ ಎಲ್ಲೈತ್ರೀ?” ಎಂದು ಕೂಗಿದಳು.

ಭರಣಿ ಮಳೆ ಹುಟ್ಟಿ ಎಂಟು ದಿನ. ಭರಣಿ ಬಿದ್ದರೆ ಧರಣಿಯೆಲ್ಲ ಬೆಳೆ ಅನ್ನುವ ಮಾತೇನೋ ಇದೆ. ನೂಲದ ಧರಣಿಯಲ್ಲಿ ಅದುವರೆಗೆ ಬಿದ್ದದ್ದು ಧೂಳು ಮಾತ್ರ. ಗಡಹಿಂಗ್ಲಜ ತಾಲೂಕಿನ ಈ ಊರು ಹೆಸರಿಗೆ ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆ. ಅಂಗಡಿಯ ಬೋರ್ಡು ಮರಾಠಿ, ಕಟ್ಟೆಯ ಮಾತು ಕನ್ನಡ, ಬೈಗುಳ ಎರಡರಲ್ಲೂ. ಬೇಸಿಗೆಯ ಈ ಗುಡುಗು ಮಳೆಗೂ ಎರಡು ಹೆಸರು. ಮರಾಠಿಯಲ್ಲಿ ಅದು ವಳೀವ, ಕನ್ನಡದಲ್ಲಿ ಅಡ್ಡಮಳೆ. ಸಾಲಿನಲ್ಲಿ ನಿಂತು ಬರುವ ಮಳೆಯಲ್ಲ, ಅಡ್ಡ ಬಂದು ಬೀಳುವುದು. ನನಗೆ ಕನ್ನಡದ ಹೆಸರೇ ಹೆಚ್ಚು ಸರಿ ಅನಿಸುತ್ತದೆ.

ಅದರ ಬೆನ್ನು ಹತ್ತೋಣ ಎಂದು ನನ್ನನ್ನು ಕರೆಸಿದವನು ಅಕ್ಕನ ಮಗ, ನನ್ನ ಅಳಿಯ. ಕೊಲ್ಲಾಪುರದಲ್ಲಿ ಓದುತ್ತಾನೆ. ರಜೆಗೆ ಊರಿಗೆ ಬಂದರೆ ಅಪ್ಪನ ಹಳೆಯ ಓಮ್ನಿಯಲ್ಲಿ ಹಳ್ಳಿಹಳ್ಳಿಯ ಹಾಲಿನ ಕ್ಯಾನು ಹೇರಿಕೊಂಡು ಬರುತ್ತಾನೆ. ಉಳಿದ ಹೊತ್ತೆಲ್ಲ ಮೋಡದ ಹುಚ್ಚು. ಅಮೆರಿಕದ ಬಯಲಿನಲ್ಲಿ ಬಿರುಗಾಳಿಯನ್ನು ಅಟ್ಟಿಸಿಕೊಂಡು ಹೋಗುವವರ ವಿಡಿಯೋ ನೋಡಿ ನೋಡಿ ಅವನಿಗೆ ಓಕ್ಲಹೋಮಾದ ಊರುಗಳು ಬಾಯಿಪಾಠ. 1956ರಲ್ಲಿ ಉತ್ತರ ಡಕೋಟಾದ ಡೇವಿಡ್ ಹೋಡ್ಲಿ ಎಂಬ ಹುಡುಗ ಶುರುಮಾಡಿದ ಹವ್ಯಾಸ ಅದು. 1996ರ ‘ಟ್ವಿಸ್ಟರ್’ ಸಿನಿಮಾ ಅದನ್ನು ಜಗತ್ತಿಗೆಲ್ಲ ಹಬ್ಬಿಸಿತು. 2013ರ ಮೇ 31ರಂದು ಎಲ್ ರೀನೊ ಊರಿನ ಬಳಿ ನಾಲ್ಕು ಕಿಲೋಮೀಟರಿಗೂ ಅಗಲವಾದ ಸುಂಟರಗಾಳಿ ಟಿಮ್ ಸಮರಾಸ್ ಎಂಬ ಪಳಗಿದ ಸಂಶೋಧಕನನ್ನೂ ಅವನ ಮಗನನ್ನೂ ಜೊತೆಗಾರನನ್ನೂ ಕಾರಿನ ಸಮೇತ ನುಂಗಿತು. ಅಳಿಯ ಇದನ್ನೆಲ್ಲ ಬಲು ಭಕ್ತಿಯಿಂದ ಹೇಳಿದ. “ನಮ್ಮಲ್ಲಿ ಅಂಥಾದ್ದು ಬರೂದಿಲ್ಲ ಮಾಮಾ, ಅಂಜಬ್ಯಾಡ್ರಿ,” ಎಂದು ಕೊನೆಗೆ ಸೇರಿಸಿದ. ಅವನ ದನಿಯಲ್ಲಿ ಸ್ವಲ್ಪ ಬೇಸರವೂ ಇತ್ತು ಅಂತ ನನ್ನ ಗುಮಾನಿ.

ಹತ್ತೂವರೆಗೆ ಗಾಡಿ ಹತ್ತಿದೆವು. ಹಿಂದೆ ನಾಲ್ಕು ಖಾಲಿ ಕ್ಯಾನು, ಹುಳಿ ಹಾಲಿನ ವಾಸನೆ, ಒಂದು ಚೀಲದಲ್ಲಿ ರೊಟ್ಟಿ, ಶೇಂಗಾಹಿಂಡಿ. ಸುರಗೀಶ್ವರ ಮಠದ ಮೇಲಿನ ಆಕಾಶ ಸ್ವಚ್ಛ ನೀಲಿ. ಗಾಳಿ ಇಲ್ಲ. ಬೇವಿನ ಮರದಲ್ಲಿ ಒಂದೆಲೆ ಅಲುಗುತ್ತಿಲ್ಲ. ಬೆನ್ನಿಗೆ ಅಂಟಿದ ಅಂಗಿ ಸೀಟಿಗೂ ಅಂಟಿತು. ಫೋನು 38 ಡಿಗ್ರಿ ತೋರಿಸುತ್ತಿತ್ತು. ಮೈ ಅದಕ್ಕಿಂತ ಹೆಚ್ಚು ಹೇಳುತ್ತಿತ್ತು. ಬೆವರು ಬರುವುದಷ್ಟೇ, ಆರುವುದಿಲ್ಲ. ಅಕ್ಕನ ಅತ್ತೆಯ ಉಪ್ಪು ಹೇಳಿದ್ದೂ ಅದನ್ನೇ. ಕಡಲಿನ ಪಸೆ ಘಟ್ಟ ಹತ್ತಿ ಬಂದು ಬಯಲಿನಲ್ಲಿ ಕೂತಿದೆ.

ಗಡಹಿಂಗ್ಲಜ ಪೇಟೆಯಲ್ಲಿ ಚಹಾಕ್ಕೆ ನಿಂತಾಗ ಅಳಿಯ ಫೋನಿನಲ್ಲಿ ಗೋವಾದ ರಡಾರ್ ಚಿತ್ರ ತೆಗೆದ. ಪಣಜಿಯ ಗುಡ್ಡದ ಮೇಲಿರುವ ಆ ಡಾಪ್ಲರ್ ರಡಾರಿಗೂ ಇಲ್ಲಿಗೂ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿನ ಆಸುಪಾಸು. ಭೂಮಿ ದುಂಡಗಿರುವುದರಿಂದ, ಅಲ್ಲಿಂದ ಹೊರಟ ಕಿರಣ ಎಷ್ಟೇ ತಗ್ಗಿಸಿ ಬಿಟ್ಟರೂ ಇಲ್ಲಿಗೆ ಮುಟ್ಟುವಷ್ಟರಲ್ಲಿ ಸಮುದ್ರಮಟ್ಟದಿಂದ ಒಂದೂವರೆ ಕಿಲೋಮೀಟರ್ ಮೇಲೆ ಹೋಗಿರುತ್ತದೆ. ಮೋಡದ ತಲೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ಕಾಲು ನೋಡುವುದಕ್ಕೆ ಅಳಿಯನ ಹತ್ತಿರ ಬೇರೆ ರಡಾರ್ ಇತ್ತು: ಹಾಲಿನ ಗಾಡಿಯವರ ವಾಟ್ಸಾಪ್ ಗುಂಪು. ಹಲಕರ್ಣಿಯವನೊಬ್ಬ, ಬಸರ್ಗೆಯವನೊಬ್ಬ, ತೇರಣಿಯವನೊಬ್ಬ, ಆಜರೆಯ ದಾರಿಯಲ್ಲಿ ಇಬ್ಬರು. “ಆಜರಾ ಕಡೆ ಮಾಡ ಏಳಾಕತ್ತಾವ” ಎಂದು 12.20ಕ್ಕೆ ಒಂದು ದನಿ ಸಂದೇಶ ಬಂತು. ರಡಾರಿನಲ್ಲಿ ಆಗಿನ್ನೂ ಏನೂ ಇರಲಿಲ್ಲ.

ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿ ಘಟ್ಟ ಇಳಿಯುವ ರಸ್ತೆ ಹಿರಣ್ಯಕೇಶಿ ನದಿಯ ಸೆರಗು ಹಿಡಿದಂತೆ ಸಾಗುತ್ತದೆ. ನದಿ ಆಂಬೋಲಿಯ ಗವಿಯಲ್ಲಿ ಹುಟ್ಟಿ ಪೂರ್ವಕ್ಕೆ ಬರುತ್ತದೆ. ನಾವು ಎದುರು ದಿಕ್ಕಿನಲ್ಲಿ ಹೊರಟಿದ್ದೆವು. ಕಬ್ಬಿನ ಹಸಿರು ಹಿಂದುಳಿದು, ಕೆಂಪು ಮಣ್ಣು, ಗೇರು ಮರಗಳು ಶುರುವಾದ ಕಡೆ ಅಳಿಯ ಗಾಡಿ ಬದಿಗೆ ಹಚ್ಚಿದ. ಎದುರಿಗೆ ಘಟ್ಟದ ಸಾಲು. ಅದರ ಮೇಲೆ ಬಿಳಿ ಮೋಡಗಳು ಒಂದರ ಹೆಗಲ ಮೇಲೊಂದು ಏರುತ್ತಿದ್ದವು. ಹೂಕೋಸಿನ ಹೋಲಿಕೆ ಕೊಡುವುದು ವಾಡಿಕೆ. ಆದರೆ ಹೂಕೋಸು ಸುಮ್ಮನೆ ಕೂತಿರುತ್ತದೆ. ಇದು ಹಾಲು ಉಕ್ಕಿದ ಹಾಗೆ. ಕಣ್ಣು ಬೇರೆ ಕಡೆ ತಿರುಗಿಸಿ ಮತ್ತೆ ನೋಡಿದರೆ ಒಂದು ಮಾಳಿಗೆ ಹೆಚ್ಚಾಗಿರುತ್ತದೆ.

ಇದು ಇಲ್ಲೇ ಏಕೆ? ಹಗಲಿಗೆ ಬಯಲು ಕಾದು ಗಾಳಿ ಮೇಲೇಳುತ್ತದೆ. ಅದರ ಜಾಗ ತುಂಬಲು ಅರಬ್ಬೀ ಸಮುದ್ರದ ಒದ್ದೆ ಗಾಳಿ ಘಟ್ಟ ಹತ್ತಿ ಬರುತ್ತದೆ. ಒಳನಾಡಿನ ಒಣ ಬಿಸಿಗಾಳಿಯನ್ನು ಅದು ಎದುರುಗೊಳ್ಳುವುದು ಈ ಘಟ್ಟದ ಪೂರ್ವದ ಅಂಚಿನಲ್ಲಿ. ಡಿಕ್ಕಿ ಹೊಡೆದ ಗಾಳಿಗೆ ಹೋಗಲು ಉಳಿದದ್ದು ಒಂದೇ ದಾರಿ, ಮೇಲಕ್ಕೆ. ಮೇಲೆ ಹೋದ ಹಾಗೆ ತಂಪಾಗಿ ಪಸೆ ಹನಿಯಾಗುತ್ತದೆ. ಹನಿಯಾಗುವಾಗ ಬಿಟ್ಟ ಶಾಖ ಗಾಳಿಯನ್ನು ಇನ್ನೂ ಮೇಲಕ್ಕೆ ನೂಕುತ್ತದೆ. ಹೀಗೆ ತನ್ನ ಒಲೆಯನ್ನು ತಾನೇ ಊದಿಕೊಂಡು ಹತ್ತು ಹನ್ನೆರಡು ಕಿಲೋಮೀಟರ್ ಏರಿದ ಮೋಡಕ್ಕೆ ಹವಾಮಾನದವರು ಕ್ಯುಮುಲೋನಿಂಬಸ್ ಅನ್ನುತ್ತಾರೆ. ಹಾಲಿನವರು ಮಾಡ ಅನ್ನುತ್ತಾರೆ.

ಒಂದೂ ಮುಕ್ಕಾಲಿಗೆ ಮೊದಲ ಗುಡುಗು. ಅಳಿಯ ಕ್ಯಾಮೆರಾ ಸಜ್ಜು ಮಾಡಿ, ಆಜರೆಯ ಕಡೆ ಗಾಡಿ ಓಡಿಸಿದ. ಮೋಡದ ಅಡಿ ಶಾಯಿ ಚೆಲ್ಲಿದಂತೆ ಕಪ್ಪಾಗಿತ್ತು, ಕೆಳಗೆ ಬೂದು ಪರದೆ ಇಳಿಬಿದ್ದಿತ್ತು. ಹತ್ತಿರ, ಇನ್ನೂ ಹತ್ತಿರ. ನಾವು ಮುಟ್ಟುವ ಹೊತ್ತಿಗೆ ರಸ್ತೆ ಒದ್ದೆ, ಗಟಾರದಲ್ಲಿ ಕೆಂಪು ನೀರು, ಬಸ್‌ಸ್ಟ್ಯಾಂಡಿನ ಪತ್ರಾದಿಂದ ಕೊನೆಯ ಹನಿಗಳು. ಮಳೆ ಮುಗಿದಿತ್ತು. “ಹತ್ತು ಮಿನಿಟ ಬಂತ್ರೀ, ಹೋತು,” ಅಂದ ಬಾಳೆಹಣ್ಣಿನವನು. ಮೇಲೆ ನೋಡಿದರೆ ಅಷ್ಟು ಹೊತ್ತು ಆಕಾಶ ಆಳಿದ್ದ ಮೋಡ ಹರಿದ ಅರಳೆಯಾಗಿ ತೇಲುತ್ತಿತ್ತು.

ಅಮೆರಿಕಕ್ಕೂ ಇಲ್ಲಿಗೂ ಇರುವ ವ್ಯತ್ಯಾಸ ನನಗೆ ಬಗೆಹರಿದದ್ದು ಅಲ್ಲಿ, ಬಾಳೆಹಣ್ಣು ಸುಲಿಯುತ್ತ. ಅಲ್ಲಿನ ಬಯಲಿನಲ್ಲಿ ನೆಲಮಟ್ಟದ ಗಾಳಿ ಒಂದು ದಿಕ್ಕಿಗೆ ಬೀಸಿದರೆ, ಎತ್ತರದ ಗಾಳಿ ಇನ್ನೊಂದು ದಿಕ್ಕಿಗೆ ಹಲವು ಪಟ್ಟು ವೇಗದಲ್ಲಿ ಬೀಸುತ್ತದೆ. ಆ ಸೆಳೆತಕ್ಕೆ ಮೋಡ ಓರೆಯಾಗಿ, ತಿರುಗುತ್ತ, ಮಳೆಯನ್ನು ತನ್ನ ಉಸಿರಿನಿಂದ ದೂರ ಚೆಲ್ಲುತ್ತ ಗಂಟೆಗಟ್ಟಲೆ ಬದುಕುತ್ತದೆ. ಬೆನ್ನಟ್ಟಲು ಬೇಕಾದಷ್ಟು ಆಯುಷ್ಯ ಅದಕ್ಕಿದೆ. ನಮ್ಮ ಮೇ ತಿಂಗಳ ಆಕಾಶದಲ್ಲಿ ಆ ಸೆಳೆತ ಸಾಮಾನ್ಯವಾಗಿ ಕಡಿಮೆ. ಮೋಡ ನೆಟ್ಟಗೆ ಏರುತ್ತದೆ, ತನ್ನ ಮಳೆಯನ್ನು ತನ್ನ ಬುಡಕ್ಕೇ ಸುರಿದುಕೊಳ್ಳುತ್ತದೆ, ಆ ತಣ್ಣೀರಿಗೆ ತನ್ನ ಒಲೆಯೇ ಆರಿಹೋಗುತ್ತದೆ. ಅರ್ಧ ಗಂಟೆ, ಬಹಳವೆಂದರೆ ಒಂದು ಗಂಟೆ. ಆದರೆ ಸಾಯುವಾಗ ಅದು ಬಿಟ್ಟ ತಂಪು ಗಾಳಿ ನೆಲದ ಮೇಲೆ ನೀರು ಚೆಲ್ಲಿದಂತೆ ಸುತ್ತಲೂ ಹರಿಯುತ್ತದೆ. ಹರಿದಲ್ಲೆಲ್ಲ ಬಿಸಿಗಾಳಿಯನ್ನು ಕೆಳಗಿನಿಂದ ಮೀಟಿ ಎಬ್ಬಿಸುತ್ತದೆ. ಅಲ್ಲಿ ಮರಿ ಮೋಡ. ಆದ್ದರಿಂದ ಇಲ್ಲಿ ಮೋಡದ ಬೆನ್ನು ಹತ್ತುವುದು ದಡ್ಡತನ. ಅದರ ಗಾಳಿಯ ಬೆನ್ನು ಹತ್ತಬೇಕು.

ಗಾಳಿ ಪೂರ್ವಕ್ಕೆ ಹೋಗಿತ್ತು. ಅಂದರೆ ನಾವು ಬಂದ ದಾರಿಗೇ.

ಎರಡೂವರೆಗೆ ಇಚಲಕರಂಜಿಯಿಂದ ಅಳಿಯನ ಗೆಳೆಯನ ಫೋನು. ಅವನ ಮನೆಯಲ್ಲಿ ಪವರ್‌ಲೂಮ್ ಇವೆ. ಆ ಊರಿನ ಓಣಿಗಳಲ್ಲಿ ಹಗಲು ರಾತ್ರಿ ಖಟಖಟ ಸದ್ದು. ಅದು ನಿಂತರೆ ಮಲಗಿದವರಿಗೆ ಎಚ್ಚರವಾಗುತ್ತದಂತೆ. ಈಗ ಅವನ ಹಿಂದೆ ಬರೀ ಮೌನ. “ಲೈಟ್ ಹೋತು, ಮಗ್ಗ ನಿಂತ್ವು, ಧೂಳೆದ್ದೈತಿ,” ಅಂದ. ಅತ್ತ ಉತ್ತರದಲ್ಲೂ ಒಂದು ಎದ್ದಿದೆ. ಅಲ್ಲಿಗೆ ಓಡುವುದೋ, ಬೇಡವೋ? ಓಡಿದರೆ ಕಾಗಲ್ ದಾಟುವಷ್ಟರಲ್ಲಿ ಅದೂ ಅರಳೆಯಾಗಿರುತ್ತದೆ ಎಂದು ನಾನು ಹೇಳಿದೆ. ಹೊಸದಾಗಿ ಬುದ್ಧಿ ಬಂದವರ ಗತ್ತು ನನಗೆ ಬಂದಿತ್ತು. ಸಾಮಾನಗಡಕ್ಕೆ ಹೋಗೋಣ, ಎತ್ತರದಿಂದ ಸುತ್ತಲೂ ಕಾಣುತ್ತದೆ ಅಂದ ಅಳಿಯ.

ಸಾಮಾನಗಡ ಜಂಬಿಟ್ಟಿಗೆಯ ಗುಡ್ಡದ ಮೇಲಿನ ಕೋಟೆ. 1844ರಲ್ಲಿ ಕೋಟೆ ಕಾಯುವ ಗಡಕರಿಗಳು ಇಂಗ್ಲಿಷರ ಮೇಲೆ ದಂಗೆಯೆದ್ದದ್ದು ಇಲ್ಲಿಂದ. ಕಲ್ಲಿನಲ್ಲೇ ಕಡೆದ ಕಮಾನಿನ ಬಾವಿಗಳಿವೆ. ಅವನ್ನು ನೋಡುವ ಪುರುಸೊತ್ತು ಅಂದು ನಮಗಿರಲಿಲ್ಲ. ಬುರುಜಿನ ಮೇಲೆ ನಿಂತರೆ ಗಡಹಿಂಗ್ಲಜದ ಬಯಲು ತಟ್ಟೆಯಲ್ಲಿಟ್ಟಂತೆ: ಕಬ್ಬಿನ ಹಸಿರು ತುಂಡು, ಉತ್ತ ಹೊಲದ ಕಂದು ತುಂಡು, ಇಟ್ಟಂಗಿ ಭಟ್ಟಿಗಳ ಹೊಗೆ, ದೂರದಲ್ಲಿ ಸಂಕೇಶ್ವರದ ಕಡೆಗೆ ಮಸುಕಾಗುವ ಕರ್ನಾಟಕ. ನಮ್ಮ ಮೋಡ ಆ ಬಯಲಿನ ನಟ್ಟನಡುವೆ ಎದ್ದಿತ್ತು. ಅದರ ತಲೆ ಮೇಲಿನ ಛಾವಣಿ ಮುಟ್ಟಿ, ಇನ್ನು ಏರಲಾಗದೆ ಚಪ್ಪಟೆಯಾಗಿ ಕಂಬಾರನ ಅಡಿಗಲ್ಲಿನ ಹಾಗೆ ಒಂದು ಕಡೆ ಚಾಚಿಕೊಂಡಿತ್ತು. ಬಿಸಿಲು ಬಿದ್ದ ಮಗ್ಗುಲು ಬೆಣ್ಣೆ. ನೆರಳಿನ ಮಗ್ಗುಲು ಬಾಸುಂಡೆಯ ನೀಲಿ. ಒಳಗೆ ಯಾರೋ ದೀಪ ಹಚ್ಚಿ ಆರಿಸಿದಂತೆ ಮಿಂಚು. ಸದ್ದು ಬರುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಅಳಿಯ ಒಂದು, ಎರಡು ಎಂದು ಎಣಿಸುತ್ತಿದ್ದ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೊದಲ ಸಲ ನಲವತ್ತೆರಡು. ಆಮೇಲೆ ಮೂವತ್ತಾರು. ಆಮೇಲೆ ಇಪ್ಪತ್ತೇಳು.

“ಏ, ಇಳೀರ್ಯೋ ಕೆಳಗ!”

ಕುರಿ ಹೊಡೆದುಕೊಂಡು ಇಳಿಯುತ್ತಿದ್ದ ಕುರುಬರ ಅಜ್ಜ. ಹೆಗಲ ಮೇಲೆ ಕಂಬಳಿ. ಕೈಯಲ್ಲಿ ಕೊಡಲಿ ಇರಲಿಲ್ಲ, ಅದನ್ನು ಆಗಲೇ ಎಲ್ಲೋ ಇಟ್ಟು ಬಂದಿದ್ದ. “ಸಿಡ್ಲಿಗೆ ಏನ್ ಗೊತ್ತಾಗತೈತಿ, ಇವ ಫೋಟೋ ತಗ್ಯಾವಾ ಅಂತ? ಎತ್ತರಕ್ಕ ಯಾವ ಇರತಾನೋ ಅವನ್ ಹಿಡೀತೈತಿ.” ಮರದ ಬುಡಕ್ಕೆ ಹೋಗಬೇಡಿ, ಗಾಡಿಯೊಳಗೆ ಕುಂದರ್ರಿ ಎಂದು ಆತನೇ ಹೇಳಿದ. ಮುಂಬೈಯ ಹವಾಮಾನ ಕಚೇರಿ ಹೇಳುವುದೂ ಇದನ್ನೇ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಒಳಗೆ ಸೇರಬೇಕು. ಗಾಡಿ ಕಾಯುವುದು ರಬ್ಬರ್ ಟೈರಿನಿಂದಲ್ಲ. ಸುತ್ತಲಿನ ತಗಡು ವಿದ್ಯುತ್ತನ್ನು ಹೊರಮೈಯಲ್ಲೇ ಹರಿಸಿ ನೆಲಕ್ಕೆ ಬಿಡುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿಯಾದ ಆ ಗೆರೆ 2022ರ ಒಂದೇ ವರ್ಷ ನಮ್ಮ ದೇಶದಲ್ಲಿ 2,887 ಜನರನ್ನು ಕೊಂದಿತು. ಬೆನ್ನಟ್ಟಿ ಹೋಗಿ ಸತ್ತವರಲ್ಲ. ಸಿಡಿಲು ನಮ್ಮಲ್ಲಿ ಹೆಚ್ಚಾಗಿ ಹುಡುಕಿಕೊಂಡು ಬರುವುದು ಹೊಲದಲ್ಲಿದ್ದವರನ್ನು, ದನ ಕಾಯುವವರನ್ನು, ಮರದಡಿ ಓಡಿದವರನ್ನು. ಅಜ್ಜ ಬೈದದ್ದಕ್ಕೆ ಅಳಿಯನ ಮುಖ ಸಣ್ಣದಾಗಿತ್ತು. ನನ್ನದೂ ಬಹಳ ದೊಡ್ಡದಾಗಿಯೇನೂ ಉಳಿದಿರಲಿಲ್ಲ.

ಇಳಿದು ನೂಲದ ದಾರಿ ಹಿಡಿದಾಗ ನಾಲ್ಕೂ ಮುಕ್ಕಾಲು. ಊರಿನ ಹೊರಗೆ ಇಟ್ಟಂಗಿ ಭಟ್ಟಿಯ ಬಳಿ ಗಾಳಿ ನಮ್ಮನ್ನು ಹಿಡಿಯಿತು. ಮೊದಲು ತಂಪು: ಕಿಟಕಿಯಿಂದ ಬಂದದ್ದು ಬಾವಿಯ ಉಸಿರು. ಆಮೇಲೆ ವಾಸನೆ, ಎಲ್ಲೋ ನೆನೆದ ಮಣ್ಣಿನದು. ಆಮೇಲೆ ಧೂಳಿನ ಗೋಡೆ. ಹೊಲಗಳ ಮೇಲೆ ಅದು ಉರುಳುತ್ತ ಬಂತು, ಕಬ್ಬಿನ ಒಣ ರವದಿ ಗಿರಗಿರ ಆಕಾಶಕ್ಕೆ ಹಾರಿತು, ಬಣವಿಯೊಂದರ ತಲೆ ಕಿತ್ತುಕೊಂಡು ಹೋಯಿತು. ಭಟ್ಟಿಯಲ್ಲಿ ಕೂಗಾಟ. ಹಸಿ ಇಟ್ಟಂಗಿ ಸಾಲುಸಾಲು ಬಿಸಿಲಿಗೆ ನಿಲ್ಲಿಸಿದ್ದರು, ಸಾವಿರಾರು. ಹೆಂಗಸರು ಪ್ಲಾಸ್ಟಿಕ್ ಎಳೆದುಕೊಂಡು ಓಡುತ್ತಿದ್ದರು, ಗಾಳಿ ಅದನ್ನು ಹಾಯಿಯ ಹಾಗೆ ಉಬ್ಬಿಸಿ ಅವರನ್ನೇ ಎಳೆಯುತ್ತಿತ್ತು. ಐದಾರು ವರ್ಷದ ಹುಡುಗಿಯೊಬ್ಬಳು ತನ್ನ ಎದೆಯಷ್ಟು ದೊಡ್ಡ ಕಲ್ಲು ಅಪ್ಪಿಕೊಂಡು ಪ್ಲಾಸ್ಟಿಕ್ಕಿನ ಅಂಚಿನ ಮೇಲೆ ಹೇರಿ, ಮತ್ತೊಂದಕ್ಕೆ ಓಡಿದಳು. ಅಳಿಯ ಕ್ಯಾಮೆರಾ ಸೀಟಿನ ಮೇಲೆ ಒಗೆದು ಇಳಿದ. ನಾನೂ ಇಳಿದೆ. ದಿನವಿಡೀ ಬೆನ್ನಟ್ಟಿದ್ದು ಎದುರಿಗೆ ಬಂದಾಗ ನಾವು ನೋಡಿದ್ದು ಆಕಾಶವನ್ನಲ್ಲ, ನೀಲಿ ಪ್ಲಾಸ್ಟಿಕ್ಕಿನ ಒಂದು ಮೂಲೆಯನ್ನು.

ಮೊದಲ ಹನಿಗಳು ರೂಪಾಯಿಯಗಲ. ಧೂಳಿನಲ್ಲಿ ಬಿದ್ದು ಗುಳಿ ಮಾಡಿದವು. ಆಮೇಲೆ ಭಟ್ಟಿಯ ಪತ್ರಾದ ಮೇಲೆ ಒಂದು ಕಲ್ಲು ಬಿದ್ದ ಸದ್ದು. ಇನ್ನೊಂದು. “ಆಣಿಕಲ್ಲ!” ಎಂದು ಯಾರೋ ಕೂಗಿದರು. ಆ ಕ್ಷಣವೇ ಸದ್ದು ಎಣಿಕೆಗೆ ಸಿಗದಂತಾಯಿತು. ಪತ್ರಾದಡಿ ಹದಿನೈದು ಜನ ಒತ್ತಿಕೊಂಡು ನಿಂತೆವು. ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಎದುರಿನ ಅಂಗಳದಲ್ಲಿ ಬಿಳಿ ಗೋಲಿಗಳು ಪುಟಿದು ಪುಟಿದು ಬೀಳುತ್ತಿದ್ದವು. ಒಬ್ಬ ಮುದುಕಿ ಗುಡಿಸಲಿನೊಳಗಿಂದ ಕುಡಗೋಲೊಂದನ್ನು ಬೀಸಿ ಅಂಗಳಕ್ಕೆ ಎಸೆದಳು. ಕಬ್ಬಿಣ ಕಂಡರೆ ಆಣಿಕಲ್ಲು ನಿಲ್ಲುತ್ತದೆ ಎನ್ನುವ ನಂಬಿಕೆ ಆಕೆಯದು. ಏಳೆಂಟು ನಿಮಿಷಕ್ಕೆ ನಿಂತಿತು. ಕುಡಗೋಲಿನ ಕೀರ್ತಿ ಕಡಿಮೆ ಮಾಡಲು ನನಗೆ ಮನಸ್ಸಿಲ್ಲ. ಆಣಿಕಲ್ಲಿಗೆ ನಗುವಂತಿಲ್ಲ: 1888ರ ಏಪ್ರಿಲ್ 30ರಂದು ಉತ್ತರಪ್ರದೇಶದ ಮೊರಾದಾಬಾದಿನಲ್ಲಿ ಅದು 246 ಜನರನ್ನು ಕೊಂದದ್ದು ಇಂದಿಗೂ ಜಗತ್ತಿನ ದಾಖಲೆ.

ಅದೇ ಕುಡಗೋಲನ್ನು ಎತ್ತಿಕೊಂಡು ಅಳಿಯ ನೆಲ್ಲಿಕಾಯಿ ಗಾತ್ರದ ಒಂದು ಕಲ್ಲನ್ನು ಟವೆಲ್ಲಿನಲ್ಲಿ ಹಿಡಿದು ನಡುವೆ ಸೀಳಿದ. ಒಳಗೆ ನೋಡಿದರೆ ಉಳ್ಳಾಗಡ್ಡಿ. ನಟ್ಟನಡುವೆ ಸಾಬುದಾಣಿಯಂಥ ಬಿಳಿ ಕಾಳು; ಅದರ ಸುತ್ತ ಗಾಜಿನಂಥ ಪಾರದರ್ಶಕ ಬಳೆ; ಮತ್ತೆ ಹಾಲುಬಿಳಿ; ಹೊರಗೆ ಮತ್ತೆ ಗಾಜು. ನಾಲ್ಕು ಸುತ್ತು. ಹನಿ ಮುಟ್ಟಿದೊಡನೆ ಹೆಪ್ಪುಗಟ್ಟಿದರೆ ಗಾಳಿಯ ಗುಳ್ಳೆ ಸಿಕ್ಕಿಬಿದ್ದು ಬಿಳಿಯಾಗುತ್ತದೆ, ನೀರು ಹೆಚ್ಚಿದ್ದು ನಿಧಾನ ಹೆಪ್ಪುಗಟ್ಟಿದರೆ ಗುಳ್ಳೆ ತಪ್ಪಿಸಿಕೊಂಡು ಗಾಜಾಗುತ್ತದೆ. ಮೋಡದ ಯಾವ ಮಾಳಿಗೆಯಲ್ಲಿ ಎಂಥ ಹವೆಯಿತ್ತು ಅನ್ನುವುದು ಆ ಬಳೆಗಳಲ್ಲಿ ಬರೆದಿತ್ತು. ಪಣಜಿಯ ರಡಾರು ದೂರದಿಂದ ಮುಟ್ಟಿ ನೋಡುವ ಜಾಗದಿಂದ ಬಂದ ಕಾಗದ ಅಂಗೈಯಲ್ಲಿತ್ತು. ಓದಿ ಮುಗಿಯುವ ಮೊದಲೇ ಕರಗಿತು. ಕಲ್ಲು ಹೊತ್ತ ಹುಡುಗಿ ಇನ್ನೊಂದು ಆರಿಸಿ ಬಾಯಿಗೆ ಹಾಕಿಕೊಂಡಳು.

ಎರಡು ಸಾಲು ಇಟ್ಟಂಗಿ ಮುಚ್ಚಲಾಗಿರಲಿಲ್ಲ. ಮೂಲೆಗಳು ಕರಗಿ ದುಂಡಗಾಗಿ, ಬೆಲ್ಲದ ಅಚ್ಚು ನೀರಲ್ಲಿ ನೆನೆದಂತೆ ಕುಸಿದಿದ್ದವು. ಭಟ್ಟಿಯಾತ ಕಾಲಿನಿಂದ ಒಂದನ್ನು ಒತ್ತಿ ನೋಡಿ, “ಮತ್ತ ಕಲಸೂದು,” ಅಂದ. ಎಣಿಕೆಯ ಲೆಕ್ಕದಲ್ಲಿ ಕೂಲಿ ದುಡಿಯುವವರು ಏನೂ ಅನ್ನಲಿಲ್ಲ.

ಮನೆಗೆ ಬಂದಾಗ ಓಣಿಯಲ್ಲಿ ಬೇವಿನ ಟೊಂಗೆ ಬಿದ್ದಿತ್ತು, ಕರೆಂಟ್ ಇರಲಿಲ್ಲ. ಮೆಣಸಿನಕಾಯಿ ಪಡಸಾಲೆಯ ತುಂಬ ಹರವಿತ್ತು, ಒಂದೂ ತೊಯ್ದಿರಲಿಲ್ಲ. ಎರಡು ಗಂಟೆಗೇ ಇಳಿಸಿದೆವು ಅಂದಳು ಅಕ್ಕ. ಎರಡಕ್ಕೆ ನಾವು ಆಜರೆಯಲ್ಲಿ ಬಾಳೆಹಣ್ಣು ತಿನ್ನುತ್ತಿದ್ದೆವು. ಇಲ್ಲಿ ಆಗ ಬಿಸಿಲೇ ಇತ್ತಂತೆ. “ಎಮ್ಮಿ ಒಳಗ ಬರತೇನಂತ ಒದರಾಕತ್ತಿತ್ತು,” ಅಷ್ಟೇ ಕಾರಣ. ಗುಡುಗುವಾಗ ಅಕ್ಕನ ಅತ್ತೆ ಅರ್ಜುನನ ಹತ್ತು ಹೆಸರನ್ನು ಎರಡು ಸಲ ಹೇಳಿ ಮುಗಿಸಿದ್ದರು.

ರೊಟ್ಟಿ ಉಂಡು ಕತ್ತಲ ಅಂಗಳದಲ್ಲಿ ಹೊರಸಿನ ಮೇಲೆ ಕುಳಿತೆವು. ತೊಯ್ದ ನೆಲದಿಂದ ತಂಪು ಏಳುತ್ತಿತ್ತು, ಎಲ್ಲಿದ್ದವೋ ಕಪ್ಪೆಗಳು ಆಗಲೇ ಶುರುಮಾಡಿದ್ದವು. ಎಂಟೂಕಾಲಕ್ಕೆ ಟವರಿಗೆ ಜೀವ ಬಂದು ಎಲ್ಲರ ಫೋನು ಒಟ್ಟಿಗೇ ಗುಂಯ್‌ಗುಟ್ಟಿತು. ಕೊಲ್ಲಾಪುರ ಜಿಲ್ಲೆಗೆ ಸಂಜೆ ನಾಲ್ಕರಿಂದ ಏಳರವರೆಗೆ ಗುಡುಗು ಸಹಿತ ಮಳೆ, ಮರಾಠಿಯಲ್ಲಿ. ಕೊಲ್ಲಾಪುರದ ಎಚ್ಚರಿಕೆ ಮುಂಬೈಯಿಂದ ಬರುತ್ತದೆ, ಬೆಳಗಾವಿಯದು ಬೆಂಗಳೂರಿನಿಂದ. ನಡುವಿನ ಗೆರೆ ಇಲ್ಲಿಂದ ಒಂದು ಹಾಲಿನ ಗಾಡಿಯ ಸುತ್ತಿನಷ್ಟು ದೂರ.

ಆ ಗೆರೆಯ ಆಚೆ, ಹುಕ್ಕೇರಿಯ ದಿಕ್ಕಿನಲ್ಲಿ ಮಿಂಚು ಇನ್ನೂ ಆಡುತ್ತಿತ್ತು. ಸದ್ದಿಲ್ಲ; ಇಪ್ಪತ್ತೈದು ಕಿಲೋಮೀಟರ್ ದಾಟಿದ ಗುಡುಗು ಕಿವಿಗೆ ಬರುವುದಿಲ್ಲ. ಒಮ್ಮೆ ಬೆಳಗಿದಾಗ ಮೋಡದ ಆಕಾರ ಪೂರ್ತಿ ಕಾಣಿಸಿತು, ಮತ್ತೊಂದು ಅಡಿಗಲ್ಲು, ನಾವು ನೋಡಿದ್ದಕ್ಕಿಂತ ದೊಡ್ಡದು. ಹಲಕರ್ಣಿಯವನ ದನಿ ಸಂದೇಶ ಬಂತು: “ಹುಕ್ಕೇರಿ ಆಚಿಗೆ ಜೋರ್ ಐತಿ.”

ಅಳಿಯ ಎದ್ದು ಒಳಗೆ ಹೋದ. ಗೂಡಿನಲ್ಲಿ, ಗೂಟದ ಮೇಲೆ, ಅಂಗಿಯ ಕಿಸೆಯಲ್ಲಿ ತಡಕಾಡುವ ಸದ್ದು ಕೇಳಿಸಿತು.

“ಅವ್ವಾ, ಗಾಡಿ ಚಾವಿ ಎಲ್ಲೈತಿ?”

ಅಕ್ಕ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಚಾವಿ ಅವಳ ಸೊಂಟದಲ್ಲಿತ್ತು.